ರಾಷ್ಟ್ರಪತಿ ಚುನಾವಣೆ: ನಮ್ಮ ಶಾಸಕರ ಒಂದು ಓಟಿಗೆ 131 ಮೌಲ್ಯ ಹೇಗೆ? ಎಣಿಕೆ ನಡೆಯುವ ಪೂರ್ತಿ ಲೆಕ್ಕ ಇಲ್ಲಿದೆ

ಗ್ರಾಮ ಪಂಚಾಯಿತಿಯಿಂದ ಲೋಕಸಭೆವರೆಗೆ ಮತ ಎಣಿಕೆಯ ಲೆಕ್ಕ ಸುಲಭ. ಒಬ್ಬರಿಗೆ ಒಂದು ಓಟು, ಯಾರಿಗೆ ಜಾಸ್ತಿ ಬಿತ್ತೋ ಅವರು ಗೆದ್ದರು. ರಾಷ್ಟ್ರಪತಿ ಚುನಾವಣೆಯಲ್ಲಿ ಹಾಗಲ್ಲ. ಇಲ್ಲಿ ಓಟು ಎಣಿಸಿದರೆ ಸಾಲದು, ತೂಕವನ್ನೂ ಹಾಕಬೇಕು. ಕರ್ನಾಟಕದ ಒಬ್ಬ ಶಾಸಕರ ಓಟಿನ ತೂಕ 131. ಉತ್ತರ ಪ್ರದೇಶದ ಶಾಸಕರದ್ದು 208, ಸಿಕ್ಕಿಂನವರದ್ದು ಬರೀ 7. ಈ ತೂಕ ಶಾಸಕರ ಸ್ವಂತದ್ದಲ್ಲ, ಜನರ ತಲೆ ಲೆಕ್ಕದಿಂದ ಬಂದದ್ದು.

ಯಾರಿಗೆ ಓಟು ಇದೆ?

ಲೋಕಸಭೆ, ರಾಜ್ಯಸಭೆಗೆ ಆಯ್ಕೆಯಾದ ಸಂಸದರು ಮತ್ತು ರಾಜ್ಯಗಳ ವಿಧಾನಸಭೆಗೆ ಆಯ್ಕೆಯಾದ ಶಾಸಕರಿಗೆ ಮಾತ್ರ. ವಿಧಾನಸಭೆ ಇರುವ ದೆಹಲಿ, ಪುದುಚೇರಿಯ ಶಾಸಕರೂ ಇದರಲ್ಲಿ ಸೇರುತ್ತಾರೆ. ವಿಧಾನ ಪರಿಷತ್ ಸದಸ್ಯರಿಗೆ ಓಟಿಲ್ಲ. ನಾಮನಿರ್ದೇಶನಗೊಂಡವರಿಗೂ ಇಲ್ಲ. 2022ರ ಚುನಾವಣೆಯ ಪಟ್ಟಿಯಲ್ಲಿದ್ದವರು 776 ಸಂಸದರು, 4,033 ಶಾಸಕರು. ಒಟ್ಟು 4,809 ಮಂದಿ.

131 ಬಂದದ್ದು ಹೀಗೆ

1971ರ ಜನಗಣತಿಯಲ್ಲಿ ನಮ್ಮ ರಾಜ್ಯದ ಜನಸಂಖ್ಯೆ 2,92,99,014. ಆಗ ರಾಜ್ಯಕ್ಕೆ ಇನ್ನೂ ಮೈಸೂರು ಅಂತಲೇ ಹೆಸರು. ಇದನ್ನು 224 ಶಾಸಕ ಸ್ಥಾನಗಳಿಗೆ ಹಂಚಿದರೆ ಒಬ್ಬರಿಗೆ ಸುಮಾರು 1,30,799 ಜನ. ಅದನ್ನು ಸಾವಿರದಿಂದ ಭಾಗಿಸಿದರೆ 130, ಉಳಿಕೆ 799. ಉಳಿಕೆ 500ಕ್ಕೆ ಕಡಿಮೆ ಇಲ್ಲದಿದ್ದರೆ ಒಂದು ಸೇರಿಸಬೇಕು ಅನ್ನುತ್ತದೆ ಸಂವಿಧಾನ. ಹಾಗಾಗಿ 131. ರಾಜ್ಯದ 224 ಶಾಸಕರ ಓಟು ಸೇರಿದರೆ 29,344.

ಸಂಸದರ ಲೆಕ್ಕ ಬೇರೆ. ದೇಶದ ಎಲ್ಲ ಶಾಸಕರ ಒಟ್ಟು ಮತ ಮೌಲ್ಯವನ್ನು ಸಂಸದರ ಸಂಖ್ಯೆಯಿಂದ ಭಾಗಿಸುತ್ತಾರೆ. 2022ರಲ್ಲಿ 5,43,231ನ್ನು 776ರಿಂದ ಭಾಗಿಸಿದಾಗ ಒಬ್ಬ ಸಂಸದರಿಗೆ 700 ಬಂತು. ರಾಜ್ಯಗಳ ಪಾಲು, ಸಂಸತ್ತಿನ ಪಾಲು ಹೆಚ್ಚುಕಡಿಮೆ ಸಮ ಇರಲಿ ಅನ್ನುವುದೇ ಇದರ ಉದ್ದೇಶ. ನಮ್ಮ ರಾಜ್ಯದ 28 ಲೋಕಸಭೆ, 12 ರಾಜ್ಯಸಭೆ ಸದಸ್ಯರ ಓಟು ಸೇರಿದರೆ 28,000.

ಬಟನ್ ಇಲ್ಲ, ಅಂಕಿ ಬರೆಯಬೇಕು

ಇಲ್ಲಿ ಇವಿಎಂ ಬಳಸುವುದಿಲ್ಲ. ಸಂಸದರಿಗೆ ಹಸಿರು, ಶಾಸಕರಿಗೆ ಗುಲಾಬಿ ಬಣ್ಣದ ಮತಪತ್ರ. ಪದವೀಧರ, ಶಿಕ್ಷಕರ ಕ್ಷೇತ್ರಗಳಲ್ಲಿ ಓಟು ಹಾಕಿದವರಿಗೆ ಈ ಪದ್ಧತಿ ಗೊತ್ತೇ ಇದೆ. ಅಭ್ಯರ್ಥಿಗಳ ಹೆಸರಿನ ಮುಂದೆ 1, 2, 3 ಎಂದು ಪ್ರಾಶಸ್ತ್ಯ ಬರೆಯಬೇಕು. ಅದೂ ಚುನಾವಣಾ ಆಯೋಗ ಕೊಟ್ಟ ನೇರಳೆ ಶಾಯಿಯ ಪೆನ್ನಿನಲ್ಲೇ. 1 ಬರೆಯದಿದ್ದರೆ, ಇಬ್ಬರಿಗೆ 1 ಬರೆದರೆ, ಅಂಕಿಯ ಬದಲು ಅಕ್ಷರದಲ್ಲಿ ಬರೆದರೆ, ಯಾರ ಓಟು ಅಂತ ಗುರುತು ಸಿಗುವ ಹಾಗೆ ಏನಾದರೂ ಗೀಚಿದರೆ ಓಟು ತಿರಸ್ಕೃತ. ಪಕ್ಷಗಳು ವಿಪ್ ಕೊಡುವ ಹಾಗಿಲ್ಲ. ಮತದಾನ ಗುಪ್ತ.

ಎಣಿಕೆ ಹೀಗೆ ನಡೆಯುತ್ತದೆ

ನಮ್ಮ ಶಾಸಕರು ಓಟು ಹಾಕುವುದು ವಿಧಾನಸೌಧದಲ್ಲಿ. ಅಲ್ಲಿಂದ ಮತಪೆಟ್ಟಿಗೆ ವಿಮಾನದಲ್ಲಿ ದೆಹಲಿಗೆ ಹೋಗುತ್ತದೆ. ಎಣಿಕೆ ಸಂಸತ್ ಭವನದಲ್ಲಿ. ಮೊದಲು ತಿರಸ್ಕೃತ ಓಟು ತೆಗೆದಿಟ್ಟು, ಉಳಿದವುಗಳಲ್ಲಿ ಯಾರಿಗೆ ಎಷ್ಟು ಮೊದಲ ಪ್ರಾಶಸ್ತ್ಯ ಸಿಕ್ಕಿದೆ ನೋಡಿ, ಪ್ರತಿ ಓಟನ್ನು ಅದರ ಮೌಲ್ಯದಿಂದ ಗುಣಿಸುತ್ತಾರೆ.

ಜಾಸ್ತಿ ಬಂದರೆ ಮಾತ್ರ ಗೆದ್ದಂತಲ್ಲ, ಕೋಟಾ ಮುಟ್ಟಬೇಕು. ಸಿಂಧು ಮತಗಳ ಮೌಲ್ಯದ ಅರ್ಧಕ್ಕೆ ಒಂದು ಸೇರಿಸಿದರೆ ಬರುವುದೇ ಕೋಟಾ. 2022ರಲ್ಲಿ ಸಿಂಧು ಮತಗಳ ಮೌಲ್ಯ 10,56,980 ಇತ್ತು, ಕೋಟಾ 5,28,491. ದ್ರೌಪದಿ ಮುರ್ಮು 6,76,803 ಪಡೆದು ಮೊದಲ ಲೆಕ್ಕದಲ್ಲೇ ಗೆದ್ದರು. ಯಶವಂತ ಸಿನ್ಹಾ ಅವರಿಗೆ ಬಂದದ್ದು 3,80,177.

ಯಾರೂ ಕೋಟಾ ಮುಟ್ಟದಿದ್ದರೆ? ಎಲ್ಲರಿಗಿಂತ ಕಡಿಮೆ ಬಂದ ಅಭ್ಯರ್ಥಿಯನ್ನು ಹೊರಗಿಡುತ್ತಾರೆ. ಅವರ ಮತಪತ್ರಗಳಲ್ಲಿ 2 ಯಾರಿಗೆ ಬಿದ್ದಿದೆಯೋ ಅವರ ಲೆಕ್ಕಕ್ಕೆ ಅದೇ ಮೌಲ್ಯದಲ್ಲಿ ಹೋಗುತ್ತದೆ. 2 ಬರೆದೇ ಇಲ್ಲದಿದ್ದರೆ ಆ ಓಟು ಅಲ್ಲಿಗೇ ನಿಂತಿತು.

ಎರಡನೇ ಪ್ರಾಶಸ್ತ್ಯ ಗೆಲ್ಲಿಸಿದ ಚುನಾವಣೆ

ಇದು ಬರೀ ಪುಸ್ತಕದ ನಿಯಮವಲ್ಲ. 1969ರಲ್ಲಿ ನೀಲಂ ಸಂಜೀವ ರೆಡ್ಡಿ ಕಾಂಗ್ರೆಸ್‌ನ ಅಧಿಕೃತ ಅಭ್ಯರ್ಥಿ. ಆ ತೀರ್ಮಾನ ಆಗಿದ್ದು ಬೆಂಗಳೂರಿನಲ್ಲಿ, ಜುಲೈನ ಕಾಂಗ್ರೆಸ್ ಅಧಿವೇಶನದ ವೇಳೆ. ಎದುರಿಗೆ ಪಕ್ಷೇತರರಾಗಿ ನಿಂತವರು ಹಿಂದೆ ಮೈಸೂರು ರಾಜ್ಯದ ರಾಜ್ಯಪಾಲರಾಗಿದ್ದ ವಿ.ವಿ. ಗಿರಿ. ಪ್ರಧಾನಿ ಇಂದಿರಾ ಗಾಂಧಿ ಆತ್ಮಸಾಕ್ಷಿಯ ಮತಕ್ಕೆ ಕರೆ ಕೊಟ್ಟರು.

ಕೋಟಾ 4,18,169. ಮೊದಲ ಲೆಕ್ಕದಲ್ಲಿ ಗಿರಿಗೆ 4,01,515, ರೆಡ್ಡಿಗೆ 3,13,548, ಸಿ.ಡಿ. ದೇಶಮುಖ್ ಅವರಿಗೆ 1,12,769. ಯಾರೂ ಮುಟ್ಟಲಿಲ್ಲ. ಉಳಿದವರನ್ನು ಒಬ್ಬೊಬ್ಬರಾಗಿ ಹೊರಗಿಟ್ಟು ಮುಂದಿನ ಪ್ರಾಶಸ್ತ್ಯ ಎಣಿಸಿದಾಗ ಗಿರಿ 4,20,077, ರೆಡ್ಡಿ 4,05,427. ಅಂತರ 14,650 ಮಾತ್ರ.

ನಮಗೇನು ಸಂಬಂಧ?

ಎರಡು ಕಾರಣಕ್ಕೆ ಸಂಬಂಧ ಇದೆ. ಒಂದು, ಓಟು ಕೆಟ್ಟರೆ ಹೋಗುವುದು ಜನರ ತೂಕ. 2022ರಲ್ಲಿ 53 ಓಟು ತಿರಸ್ಕೃತವಾದವು. ಅದರಲ್ಲಿ 15 ಸಂಸದರದ್ದು, ಅಂದರೆ 10,500 ಮೌಲ್ಯ ಕಸದ ಪಾಲು. ಕಾನೂನು ಮಾಡುವವರೇ ಕಾಗದದ ಮೇಲೆ ಒಂದು ಅಂಕಿ ಸರಿಯಾಗಿ ಬರೆಯದಿದ್ದರೆ ಹೀಗಾಗುತ್ತದೆ. ಕ್ಷೇತ್ರದ ಸ್ಥಾನ ಖಾಲಿ ಇದ್ದರೂ ಚುನಾವಣೆ ನಿಲ್ಲುವುದಿಲ್ಲ, ಆ ಕ್ಷೇತ್ರದ 131 ಅಷ್ಟೇ ಇಲ್ಲವಾಗುತ್ತದೆ.

ಎರಡು, ಈ ತೂಕ ಹಳೆಯ ತಕ್ಕಡಿಯದ್ದು. 2011ರ ಗಣತಿಯಲ್ಲಿ ಕರ್ನಾಟಕದ ಜನಸಂಖ್ಯೆ 6,10,95,297. ಆ ಲೆಕ್ಕ ಹಿಡಿದರೆ ಒಬ್ಬ ಶಾಸಕರ ಓಟಿಗೆ 273 ಬರುತ್ತದೆ. ಹಾಗಂತ ನಮಗೇ ಲಾಭ ಅಂತ ಹೇಳಲಾಗದು, ಬೇರೆ ರಾಜ್ಯಗಳ ಅಂಕಿಯೂ ಏರುತ್ತದೆ. ಜನಸಂಖ್ಯೆ ನಿಯಂತ್ರಿಸಿದ ರಾಜ್ಯಗಳಿಗೆ ನಷ್ಟ ಆಗಬಾರದು ಅಂತಲೇ 1971ರ ಅಂಕಿಯನ್ನು ಹಿಡಿದಿಟ್ಟಿರುವುದು. 2026ರ ನಂತರದ ಮೊದಲ ಜನಗಣತಿಯ ಅಂಕಿ ಪ್ರಕಟವಾಗುವವರೆಗೆ ಇದೇ ಲೆಕ್ಕ.

ಮುರ್ಮು ಅವರ ಅವಧಿ ಮುಗಿಯುವುದು 2027ರ ಜುಲೈನಲ್ಲಿ. ಅಷ್ಟರೊಳಗೆ ಮುಂದಿನ ಚುನಾವಣೆ ನಡೆಯಬೇಕು.