ಹಲ್ಲಿನ ಕಂದು ಕಲೆ ಮತ್ತು ನಮ್ಮ ನೀರಿನ ಕಥೆ



ನಾನು ಮೇಷ್ಟ್ರಾಗಿ ಸೇರಿದ ಹೊಸತು. ನಾಲ್ಕನೇ ತರಗತಿಯ ಹುಡುಗಿಯೊಬ್ಬಳನ್ನು ಎಲ್ಲರೆದುರು ನಿಲ್ಲಿಸಿ "ಹಲ್ಲುಜ್ಜಿ ಎಷ್ಟು ದಿನ ಆಯ್ತಮ್ಮಾ?" ಎಂದು ಗದರಿದ್ದೆ. ಅವಳ ಮುಂದಿನ ಹಲ್ಲುಗಳ ಮೇಲೆ ಕಂದು ಕಲೆಗಳಿದ್ದವು. ಮಾರನೆಯ ದಿನ ಇದ್ದಿಲು, ಉಪ್ಪು ಹಾಕಿ ಒಸಡಿನಲ್ಲಿ ರಕ್ತ ಬರುವ ಹಾಗೆ ಉಜ್ಜಿಕೊಂಡು ಬಂದಿದ್ದಳು. ಕಲೆ ಹಾಗೇ ಇತ್ತು. ಆಮೇಲೆ ಅವಳು ನಗುವಾಗಲೆಲ್ಲ ಬಾಯಿಗೆ ಕೈ ಅಡ್ಡ ಹಿಡಿಯುತ್ತಿದ್ದಳು. ತಪ್ಪು ಅವಳದಲ್ಲ, ನೀರಿನದು ಎಂದು ನನಗೆ ತಿಳಿಯಲು ಕೆಲವು ವರ್ಷ ಬೇಕಾಯಿತು.

ಈ ಕಲೆಗೆ ದೊಡ್ಡ ಇತಿಹಾಸವೇ ಇದೆ. 1901ರಲ್ಲಿ ಅಮೆರಿಕದ ಕೊಲರಾಡೋ ಸ್ಪ್ರಿಂಗ್ಸ್ ಊರಿಗೆ ಬಂದ ಫ್ರೆಡರಿಕ್ ಮೆಕೇ ಎಂಬ ದಂತವೈದ್ಯ ಅಲ್ಲಿನ ಜನರ ಹಲ್ಲಿನಲ್ಲಿ ಇಂಥದೇ ಕಲೆ ಕಂಡ. ಕಾರಣ ಹುಡುಕಲು ಮೂವತ್ತು ವರ್ಷ ಹಿಡಿಯಿತು. 1931ರಲ್ಲಿ ಚರ್ಚಿಲ್ ಎಂಬ ರಸಾಯನಶಾಸ್ತ್ರಜ್ಞ ಕುಡಿಯುವ ನೀರಿನಲ್ಲಿ ಫ್ಲೋರೈಡ್ ಹೆಚ್ಚಿರುವುದನ್ನು ಪತ್ತೆ ಮಾಡಿದ. 1937ರಲ್ಲಿ ನಮ್ಮದೇ ಮದ್ರಾಸ್ ಪ್ರಾಂತ್ಯದ ನೆಲ್ಲೂರು ಜಿಲ್ಲೆಯಲ್ಲಿ ಇದೇ ಫ್ಲೋರೈಡಿನಿಂದ ಮೂಳೆಗಳೂ ಬಿಗಿದುಕೊಳ್ಳುವುದನ್ನು ಶಾರ್ಟ್ ಮತ್ತು ಸಂಗಡಿಗರು ವರದಿ ಮಾಡಿದರು. ಆಗ ನಮ್ಮ ಹೊಸೂರು ತಾಲೂಕು ಸೇಲಂ ಜಿಲ್ಲೆಯಲ್ಲಿತ್ತು.

ನಮ್ಮ ಭಾಗದ ಕಲ್ಲುಬಂಡೆಯಲ್ಲೇ ಫ್ಲೋರೈಡ್ ಇದೆ. ಬಂಡೆಯ ಸಂದಿಯಲ್ಲಿ ಬಹುಕಾಲ ನಿಂತ ನೀರಿಗೆ ಅದು ಇಳಿಯುತ್ತದೆ. ಕೆರೆ, ತೆರೆದ ಬಾವಿ ಬತ್ತಿ ಬೋರ್‌ವೆಲ್ ಆಳಕ್ಕೆ ಹೋದಂತೆ ಅಂಥ ನೀರೇ ಬಿಂದಿಗೆಗೆ ಬಂತು. ಲೀಟರಿಗೆ 1.5 ಮಿಲಿಗ್ರಾಂ ಮೀರಬಾರದು ಎನ್ನುವುದು ನಿಯಮ. ಧರ್ಮಪುರಿ, ಕೃಷ್ಣಗಿರಿ ಜಿಲ್ಲೆಗಳ ಎಷ್ಟೋ ಊರುಗಳಲ್ಲಿ ಅದು ಮೀರಿತ್ತು.

ಅದಕ್ಕಾಗಿಯೇ ಹೊಗೇನಕಲ್ ಕುಡಿಯುವ ನೀರಿನ ಯೋಜನೆ ಬಂತು. 2008ರಲ್ಲಿ ಶಂಕುಸ್ಥಾಪನೆ ಆದಾಗ ಎರಡೂ ರಾಜ್ಯಗಳಲ್ಲಿ ಗಲಾಟೆ ಎದ್ದದ್ದು ನಿಮಗೆ ನೆನಪಿರಬಹುದು. ಗಡಿಯ ಕನ್ನಡಿಗರಾದ ನಮ್ಮ ಪಾಡು ಆಗ ಹೇಳತೀರದು. ಆದರೆ ಕಲೆ ಬಿದ್ದ ಹಲ್ಲು ಕನ್ನಡ, ತಮಿಳು, ತೆಲುಗು ಎಂದು ನೋಡುವುದಿಲ್ಲವಲ್ಲ! 2013ರಲ್ಲಿ ಯೋಜನೆ ಉದ್ಘಾಟನೆಯಾಯಿತು.

ಪಾಲಕರು ಒಂದು ಮಾತು ಗಮನಿಸಬೇಕು. ಮುಂದಿನ ಹಲ್ಲುಗಳ ಹೊರಪದರ ಒಸಡಿನೊಳಗೆ ತಯಾರಾಗುವುದು ಮಗುವಿನ ಮೊದಲ ಕೆಲವು ವರ್ಷಗಳಲ್ಲೇ. ಹಲ್ಲು ಹೊರಬರುವ ಹೊತ್ತಿಗೆ ಕಲೆ ಒಳಗೇ ಕೂತಿರುತ್ತದೆ. ಬೇವಿನ ಕಡ್ಡಿಯಾಗಲಿ, ನಂಜನಗೂಡು ಹಲ್ಲುಪುಡಿಯಾಗಲಿ, ದುಬಾರಿ ಪೇಸ್ಟ್ ಆಗಲಿ ಅದನ್ನು ತೆಗೆಯಲಾರವು. ಇಟ್ಟಿಗೆ ಪುಡಿ, ಇದ್ದಿಲಿನಿಂದ ಹಲ್ಲೇ ಸವೆಯುತ್ತದೆ. ಕ್ಲಿಪ್ ಹಾಕಿಸಿದರೆ ಹಲ್ಲು ಸಾಲಾಗುತ್ತದೆ, ಬೆಳ್ಳಗಾಗುವುದಿಲ್ಲ. ಬ್ಲೀಚಿಂಗ್‌ನಿಂದ ಕಂದು ಕಲೆ ಪೂರ್ತಿ ಹೋಗುವುದು ಕಷ್ಟ. ಕಲೆ ತೆಳುವಾಗಿದ್ದರೆ ದಂತವೈದ್ಯರು ಮೇಲ್ಪದರವನ್ನು ಕೊಂಚವೇ ಉಜ್ಜಿ ತೆಗೆಯಬಲ್ಲರು. ಗಾಢವಾಗಿದ್ದರೆ ಹಲ್ಲಿನ ಬಣ್ಣದ ಲೇಪನ ಕೊಡುತ್ತಾರೆ. ಇವೆಲ್ಲ ಬೆಳೆದ ಮೇಲೂ ಮಾಡಿಸಬಹುದು. ನೀರಿನ ವಿಷಯ ಮಾತ್ರ ಹಾಗಲ್ಲ. ಎಳೆಯ ಮಕ್ಕಳಿಗೆ ಕಾವೇರಿ ನೀರನ್ನೋ ಮಳೆನೀರನ್ನೋ ಎತ್ತಿಡಿ. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ.

2013ರ ನಂತರ ಹುಟ್ಟಿದ ಮಕ್ಕಳು ಈಗ ನಮ್ಮ ಬೆಂಚುಗಳಲ್ಲಿ ಕೂತಿದ್ದಾರೆ. ಯಾವ ಬೀದಿಗೆ ಒಳ್ಳೆಯ ನೀರು ಬಂತು, ಯಾವುದಕ್ಕೆ ಬರಲಿಲ್ಲ ಎಂದು ತಿಳಿಯಲು ಅವರ ನಗುವನ್ನು ನೋಡಿದರೂ ಸಾಕು. ಶಿಕ್ಷಕ ಮಿತ್ರರೇ, ಕಲೆ ಕಂಡರೆ ಮಗುವನ್ನು ಗದರಬೇಡಿ. "ನಿಮ್ಮ ಮನೆಗೆ ಯಾವ ನೀರು ಬರುತ್ತೆ ಕಂದಾ?" ಎಂದು ಕೇಳಿ. ನಾನು ಅಂದು ಕೇಳಬೇಕಾಗಿದ್ದ ಪ್ರಶ್ನೆ ಅದು.