ಮಗ್ಗುಲು

ಮೈಸೂರು ಕಡೆ 'ಪಕ್ಕ' ಬಂದು 'ಮಗ್ಗುಲ'ನ್ನು ಮೂಲೆಗೆ ತಳ್ಳಿದೆ. ಧಾರವಾಡದ ಕಡೆ 'ಮಗ್ಗಲ ಮನಿ', 'ಮಗ್ಗಲಾಗ ಕುಂದ್ರು' ಇನ್ನೂ ಚಾಲ್ತಿಯಲ್ಲಿವೆ. ಪತ್ರಿಕೆಯವರಿಗೆ ನೆರೆಯ ಶತ್ರುದೇಶ ಎಂದರೆ ತಕ್ಷಣ 'ಮಗ್ಗುಲ ಮುಳ್ಳು' ನೆನಪಾಗುತ್ತದೆ. ಬೆಳಗ್ಗೆಯೇ ಸಿಡುಕುವವರನ್ನು ಯಾವ ಮಗ್ಗುಲಲ್ಲಿ ಎದ್ದೆ ಎಂದು ಕೇಳುತ್ತೇವೆ. ಆದರೂ ಈ ಮಾತಿನ ಖಾಸಾ ಜಾಗ ಹಾಸಿಗೆಯೇ. ಗಂಡ ಹೆಂಡಿರ ನಡುವಿನದನ್ನು ಬಿಡಿಸಿ ಹೇಳಲು ನಾಚುವವರು 'ಮಗ್ಗುಲಲ್ಲಿ ಮಲಗೋದು' ಎಂದು ಹೇಳಿ ಮುಗಿಸುತ್ತಾರೆ.

ಹೆಂಡತಿ ಹಾಸಿಗೆ ಹಿಡಿದ ಮನೆಯಲ್ಲಿ ಅದೇ ಮಾತು ಗಡಿಯಾರಕ್ಕೆ ಸಿಕ್ಕಿಕೊಳ್ಳುತ್ತದೆ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ ಎಂದು ನರ್ಸ್ ಹೇಳಿ ಹೋಗಿರುತ್ತಾರೆ. ಇಲ್ಲವಾದರೆ ಬೆನ್ನಿನ ಬುಡ, ಸೊಂಟದ ಮೂಳೆ, ಹಿಮ್ಮಡಿ ಒತ್ತಿ, ರಕ್ತ ಓಡದೆ ಹುಣ್ಣಾಗುತ್ತದೆ. ಪೂರ್ತಿ ಹೊರಳಿಸಬೇಕಿಲ್ಲ, ಬೆನ್ನಿಗೆ ದಿಂಬು ಕೊಟ್ಟು 30 ಡಿಗ್ರಿಯಷ್ಟು ವಾಲಿಸಿದರೆ ಸಾಕು. ಏರ್ ಬೆಡ್ ತಂದರೂ ಈ ಕೆಲಸ ತಪ್ಪದು. ನನಗೆ ಗೊತ್ತಿರುವ ಧಾರವಾಡದ ನಿವೃತ್ತ ಮಾಸ್ತರರು ರಾತ್ರಿ ಅಲಾರಂ ಇಟ್ಟುಕೊಂಡು ಏಳುತ್ತಾರೆ. ಹೆಂಡತಿಯ ಮೈಮುಟ್ಟುವ ಮುಂಚೆ, 'ಮಗ್ಗಲಾ ತಿರಗಸ್ತೇನಿ, ಹೂಂ ಅನ್ನು' ಎನ್ನುತ್ತಾರೆ. ಆಕೆಗೆ ಮಾತಿಲ್ಲ, ರೆಪ್ಪೆ ಬಡಿಯುತ್ತಾರೆ. ಇವರಿಗೆ ಅಷ್ಟೇ ಹೂಂ.

ಆಕೆಗೆ ಹೊಡೆದದ್ದು ಪಾರ್ಶ್ವವಾಯು. ಸಂಸ್ಕೃತದ ಪಾರ್ಶ್ವ ಎಂದರೂ ಮಗ್ಗುಲೇ. ಮಿದುಳಿನ ಎಡಭಾಗಕ್ಕೆ ಪೆಟ್ಟಾದರೆ ದೇಹದ ಬಲ ಮಗ್ಗುಲು ಬೀಳುತ್ತದೆ, ಅನೇಕರಿಗೆ ಅದರೊಡನೆ ಮಾತೂ ಹೋಗುತ್ತದೆ. ಪೆಟ್ಟು ಬಲಭಾಗಕ್ಕಾದರೆ ಇನ್ನೊಂದು ವಿಚಿತ್ರ: ಕೆಲವರಿಗೆ ಎಡಗಡೆ ಎನ್ನುವುದೇ ಮರೆತುಹೋಗುತ್ತದೆ. ತಟ್ಟೆಯ ಎಡಭಾಗದ ಅನ್ನ ಹಾಗೇ ಉಳಿಯುತ್ತದೆ, ಎಡಗಡೆ ಕುರ್ಚಿ ಹಾಕಿಕೊಂಡು ಕೂತ ಗಂಡ ಇದ್ದೂ ಇಲ್ಲ. ಕಣ್ಣು ಚೆನ್ನಾಗಿಯೇ ಇರುತ್ತದೆ, ಗಮನ ಆ ಕಡೆ ಹೋಗುವುದಿಲ್ಲ. ಅವನು ಮಾತ್ರ ಮುನಿಸೆಂದೇ ತಿಳಿದಿರುತ್ತಾನೆ.

ಹೆಂಡತಿಯನ್ನು ಹೀಗೆ ನೋಡಿಕೊಳ್ಳುವ ಗಂಡಂದಿರನ್ನು ಕಂಡು ಊರು 'ಎಂಥ ಸೇವೆ!' ಎಂದು ಕೈಮುಗಿಯುತ್ತದೆ. (ಹೆಂಗಸರು ಇದನ್ನೇ ಮಾಡಿದರೆ ಯಾರೂ ಕೈ ಎತ್ತುವುದಿಲ್ಲ, ಆ ಮಾತು ಬೇರೆ.) ಈ ಹೊಗಳಿಕೆ ನನಗೆ ಒಗ್ಗುವುದಿಲ್ಲ. ಸೇವೆ ಎಂದ ಕೂಡಲೇ ಎದುರಿಗಿರುವವನು ಗಂಡ ಎಂಬುದನ್ನು ಮರೆತುಬಿಡುತ್ತೇವೆ. ಎಪ್ಪತ್ತೈದರ ಗಂಡಸಿಗೂ ಆಸೆ ಇರುತ್ತದೆ. ಡಾಕ್ಟರು ಆ ಸುದ್ದಿ ಎತ್ತುವುದಿಲ್ಲ, ಮಗ ಸೊಸೆಯ ಮುಂದೆ ಆಡುವಂಥದ್ದಲ್ಲ, ಪಾರ್ಕಿನ ಗೆಳೆಯರು ನಕ್ಕುಬಿಡುತ್ತಾರೆ. ಸ್ನಾನ ಮಾಡಿಸಿ, ಡೈಪರ್ ಬದಲಿಸುವ ಕೈಗೆ ಹೆಂಡತಿಯನ್ನು ಮತ್ತೆ ಹೆಂಡತಿಯೆಂದು ಮುಟ್ಟುವುದೇ ಮರೆಯುತ್ತದೆ ಎಂದು ಕೆಲವರು ಹೇಳುತ್ತಾರೆ. ಕೆಲವರಿಗೆ ಮರೆಯುವುದಿಲ್ಲ, ಅವರ ಪಾಡು ಇನ್ನೂ ಕಷ್ಟ. ಹೆಂಡತಿಯದು ಮರೆವಿನ ಕಾಯಿಲೆಯಾದರೆ 'ನೀವ್ಯಾರು?' ಎಂದು ಕೇಳುವವಳ ಮಗ್ಗುಲಿಗೆ ಹಳೆಯ ಹಕ್ಕಿನಿಂದ ಹೋಗುವಂತಿಲ್ಲ. ಆಕೆ ಕೈ ಎಳೆದುಕೊಂಡರೆ ಬೇಡವೆಂದೇ ಅರ್ಥ, ತಾಳಿ ಕಟ್ಟಿ ಐವತ್ತು ವರ್ಷವಾಗಿದ್ದರೂ.

ಆದರೆ ಎಷ್ಟೋ ಮನೆಗಳಲ್ಲಿ ಬೇಡವೆಂದದ್ದು ಆಕೆಯೂ ಅಲ್ಲ, ಅವನೂ ಅಲ್ಲ, ಮಂಚ. ಬಾಡಿಗೆಗೆ ತರುವ ಆಸ್ಪತ್ರೆ ಮಂಚದ ಅಗಲ ಸುಮಾರು 3 ಅಡಿ, ಎರಡೂ ಬದಿಗೆ ಕಬ್ಬಿಣದ ಕಟಕಟೆ. ಅದು ಬಂದ ದಿನವೇ ಗಂಡ ದಿವಾನಕ್ಕೆ ವರ್ಗವಾಗುತ್ತಾನೆ. ಮಾಸ್ತರರು ಹಾಗೆ ಬಿಡಲಿಲ್ಲ. ಒಂದು ಬದಿಯ ಕಟಕಟೆ ಇಳಿಸಿ, ತಮ್ಮ ಮಂಚವನ್ನು ಅದಕ್ಕೆ ಆನಿಸಿ, ಮೂತ್ರದ ಚೀಲವನ್ನು ಆಚೆ ಬದಿಗೆ ತೂಗಿಹಾಕಿದ್ದಾರೆ. ಎತ್ತರ ಹೊಂದದಿದ್ದರೆ ನಡುವೆ ಕಂದಕವಾಗುತ್ತದೆ. ಏರಿಸಿ ಇಳಿಸಲು ಬರುವ ಮಂಚವೂ ಸಿಗುತ್ತದೆ, ಬಾಡಿಗೆ ಸ್ವಲ್ಪ ಜಾಸ್ತಿ.