ಕಿರ್ದಿಗೆ ಏರದ ನಷ್ಟ: ಅಕ್ಕಿ ಪೇಟೆಯಿಂದ ಬಿಟ್‌ಕಾಯಿನ್‌ವರೆಗೆ

ಹಳೇ ದಿನಸಿ ಅಂಗಡಿಗಳಲ್ಲಿ ಎರಡು ಪುಸ್ತಕ ಇರುತ್ತಿದ್ದವು, ನೆನಪಿದೆಯಾ? ಒಂದು ಕಿರ್ದಿ, ಇನ್ನೊಂದು ಖಾತೆ. ಅವತ್ತಿನ ವ್ಯವಹಾರ ಅವತ್ತೇ ಕಿರ್ದಿಗೆ ಏರಬೇಕು, ಆಮೇಲೆ ಹೆಸರುವಾರು ಖಾತೆಗೆ ಹೋಗಬೇಕು. "ನಾಳೆ ಬರೆದರಾಯ್ತು" ಅಂದವನ ಅಂಗಡಿ ಹೆಚ್ಚು ದಿನ ಬಾಳುವುದಿಲ್ಲ ಅಂತ ಹಿರಿಯರು ಹೇಳುತ್ತಿದ್ದರು.

ಈಗ ಮೊಬೈಲಿನಲ್ಲಿ ಕ್ರಿಪ್ಟೋ ಫ್ಯೂಚರ್ಸ್ ವ್ಯಾಪಾರ ಮಾಡುವವರಿಗೆ ಈ ತಾಪತ್ರಯವೇ ಇಲ್ಲ. ಲಾಭವೋ ನಷ್ಟವೋ, ಹಸಿರು ಅಥವಾ ಕೆಂಪು ಬಣ್ಣದ ಅಂಕಿಯೊಂದು ಕ್ಷಣಕ್ಷಣಕ್ಕೂ ಬದಲಾಗುತ್ತಾ ಇರುತ್ತದೆ. ಆದರೆ ಆ ಅಂಕಿಯನ್ನು ಬರೆಯುತ್ತಿರುವವರು ಯಾರು? ಅದನ್ನು ಎಷ್ಟು ನಂಬಬಹುದು? ಈ ಪ್ರಶ್ನೆಗೆ ಸುಮಾರು ಮುನ್ನೂರು ವರ್ಷದ ಇತಿಹಾಸ ಇದೆ.

ಜಪಾನಿನ ಒಸಾಕಾದಲ್ಲಿ ದೊಜಿಮಾ ಅಂತ ಒಂದು ಅಕ್ಕಿ ಪೇಟೆ ಇತ್ತು. ಆಗ ಅಲ್ಲಿನ ಸಾಮಂತರಿಗೆ ಕಂದಾಯ ಬರುತ್ತಿದ್ದದ್ದು ಅಕ್ಕಿಯ ರೂಪದಲ್ಲಿ. ಹಾಗಾಗಿ ಅಕ್ಕಿಯ ಬೆಲೆ ಇಳಿದರೆ ಇಡೀ ಆಳುವ ವರ್ಗವೇ ಬಡವಾಗುತ್ತಿತ್ತು. 1730ರಲ್ಲಿ ಶೋಗನ್ ಸರ್ಕಾರ ಈ ಪೇಟೆಗೆ ಅಧಿಕೃತ ಒಪ್ಪಿಗೆ ಕೊಟ್ಟಿತು. ಅಲ್ಲಿ ನಡೆಯುತ್ತಿದ್ದ ಒಂದು ಬಗೆಯ ವ್ಯಾಪಾರದ ಹೆಸರು ಚೊಐಮೈ, ಅಂದರೆ ಹೆಚ್ಚುಕಡಿಮೆ "ಪುಸ್ತಕದ ಮೇಲಿನ ಅಕ್ಕಿ". ಮೂಟೆ ಕೈ ಬದಲಾಯಿಸುವುದಿಲ್ಲ, ಕೊಂಡ ಬೆಲೆಗೂ ಮಾರಿದ ಬೆಲೆಗೂ ಇರುವ ವ್ಯತ್ಯಾಸ ಮಾತ್ರ ಲೆಕ್ಕ. ಅವತ್ತಿನ ವ್ಯಾಪಾರ ಮುಗಿಯುವುದು ಯಾವಾಗ ಅಂತ ತಿಳಿಯಲು ಒಂದು ಬತ್ತಿಯನ್ನು ಹಚ್ಚಿ ಇಡುತ್ತಿದ್ದರಂತೆ. ಅದು ಆರಿದಾಗ ಇದ್ದ ಬೆಲೆಯೇ ಆ ದಿನದ ಮುಕ್ತಾಯದ ಬೆಲೆ.

ಸಣ್ಣ ವಿಷಯ ಅನ್ನಿಸಬಹುದು. ಆದರೆ ವ್ಯಾಪಾರ ಮುಗಿಸದೇ ಕೈಯಲ್ಲಿ ಹಿಡಿದುಕೊಂಡವನ ಲಾಭ ನಷ್ಟ ಎಷ್ಟು ಅಂತ ಹೇಳಬೇಕಾದರೆ ಎಲ್ಲರೂ ಒಪ್ಪುವ ಒಂದು ಬೆಲೆ ಬೇಕೇ ಬೇಕು. "ನನ್ನ ಪ್ರಕಾರ ಇದರ ಬೆಲೆ ಇಷ್ಟು" ಅಂತ ಒಬ್ಬೊಬ್ಬ ಒಂದೊಂದು ಹೇಳಿದರೆ ಯಾರಿಗೂ ನಷ್ಟವೇ ಆಗುವುದಿಲ್ಲ ನೋಡಿ!

ಇದೇ ಕೆಲಸವನ್ನು ಆಮೇಲೆ ಬಿಗಿ ಮಾಡಿದ್ದು ಅಮೆರಿಕದ ಶಿಕಾಗೋ. ಅಲ್ಲಿನ ಧಾನ್ಯದ ವಾಯಿದೆ ಪೇಟೆ ಶಿಕಾಗೋ ಬೋರ್ಡ್ ಆಫ್ ಟ್ರೇಡ್ ಹುಟ್ಟಿದ್ದು 1848ರಲ್ಲಿ. 1865ರಲ್ಲಿ ಮುಂಗಡ ಠೇವಣಿಯ, ಅಂದರೆ ಮಾರ್ಜಿನ್‌ನ, ನಿಯಮಗಳು ಬಂದವು. 1925ರಲ್ಲಿ ಕೊಳ್ಳುವವನಿಗೂ ಮಾರುವವನಿಗೂ ನಡುವೆ ನಿಂತು ಲೆಕ್ಕ ಚುಕ್ತಾ ಮಾಡುವ ಪ್ರತ್ಯೇಕ ಸಂಸ್ಥೆಯೇ ಶುರುವಾಯಿತು. ಒಂದು ಗೋಧಿ ಕರಾರು ಅಂದರೆ 5,000 ಬುಶೆಲ್. ಬುಶೆಲ್‌ಗೆ ಒಂದು ಸೆಂಟ್ ಇಳಿದರೆ ಕೊಂಡವನಿಗೆ 50 ಡಾಲರ್ ನಷ್ಟ. ಆ 50 ಡಾಲರ್ ಅವನ ಠೇವಣಿಯಿಂದ ಹೋಗಿ ಎದುರಿನವನಿಗೆ ಸೇರುತ್ತದೆ. ಠೇವಣಿ ಕಮ್ಮಿಯಾದರೆ ತುಂಬಿಸು, ಇಲ್ಲವಾದರೆ ಜಾಗ ಖಾಲಿ ಮಾಡು. ದಿನದ ಕೊನೆಗೆ ನಷ್ಟವನ್ನು ದುಡ್ಡಿನ ರೂಪದಲ್ಲೇ ಕಕ್ಕಿಸುವುದು ಈ ಪದ್ಧತಿಯ ಜೀವಾಳ.

ಇಷ್ಟೆಲ್ಲಾ ಬಂದೋಬಸ್ತು ಇದ್ದರೂ 1762ರಲ್ಲಿ ಶುರುವಾಗಿದ್ದ ಲಂಡನ್ನಿನ ಬೇರಿಂಗ್ಸ್ ಬ್ಯಾಂಕ್ ಮುಳುಗಿತು. ಸಿಂಗಪುರದಲ್ಲಿದ್ದ ಅದರ ಉದ್ಯೋಗಿ ನಿಕ್ ಲೀಸನ್ ಫ್ಯೂಚರ್ಸ್ ವ್ಯಾಪಾರವನ್ನೂ ಮಾಡುತ್ತಿದ್ದ, ಅದರ ಲೆಕ್ಕ ಬರೆಯುವ ವಿಭಾಗವನ್ನೂ ನೋಡಿಕೊಳ್ಳುತ್ತಿದ್ದ. ನಷ್ಟವಾದದ್ದನ್ನೆಲ್ಲಾ 88888 ಅನ್ನೋ ಖಾತೆಗೆ ತಳ್ಳಿದ. 1994ರ ಕೊನೆಗೆ ಅಲ್ಲಿ 208 ಮಿಲಿಯನ್ ಪೌಂಡ್ ನಷ್ಟ ಕೂತಿತ್ತು. 1995ರ ಜನವರಿ 17ರಂದು ಕೋಬೆಯಲ್ಲಿ ಭೂಕಂಪವಾಗಿ ಜಪಾನಿನ ಶೇರು ಪೇಟೆ ಕುಸಿಯಿತು. ಫೆಬ್ರವರಿ ಕೊನೆಗೆ ನಷ್ಟ 827 ಮಿಲಿಯನ್ ಪೌಂಡ್! ಡಚ್ ಸಂಸ್ಥೆ ಐಎನ್‌ಜಿ ಆ ಬ್ಯಾಂಕನ್ನು ಕೊಂಡಿದ್ದು ಬರೀ ಒಂದು ಪೌಂಡಿಗೆ.

ಇಲ್ಲೊಂದು ವಿಚಿತ್ರ ಇದೆ. ಸಿಂಗಪುರದ ಪೇಟೆ ತನ್ನ ಲೆಕ್ಕದಲ್ಲಿ ತಪ್ಪು ಮಾಡಿರಲಿಲ್ಲ. ಕರಾರಿನ ಪ್ರಕಾರ ಮಾರ್ಜಿನ್ ಕೇಳುತ್ತಲೇ ಇತ್ತು, ಲಂಡನ್ನಿನಿಂದ ದುಡ್ಡು ಹೋಗುತ್ತಲೇ ಇತ್ತು. ಕಾಗದದ ಮೇಲೆ ಲಾಭ, ತಿಜೋರಿಯಿಂದ ಹೊರಕ್ಕೆ ಹಣ. ಇವೆರಡೂ ಒಟ್ಟಿಗೆ ಹೇಗೆ ಸಾಧ್ಯ ಅಂತ ಮೇಲಿನವರು ಗಟ್ಟಿಯಾಗಿ ಕೇಳಲಿಲ್ಲ, ಅಷ್ಟೇ.

ಇನ್ನು ಬಿಟ್‌ಕಾಯಿನ್‌ಗೆ ಬರೋಣ. ಅವಧಿಯೇ ಮುಗಿಯದ ಫ್ಯೂಚರ್ಸ್ ಇರಬಹುದು ಅಂತ ಅರ್ಥಶಾಸ್ತ್ರಜ್ಞ ರಾಬರ್ಟ್ ಶಿಲ್ಲರ್ 1993ರಲ್ಲೇ ಬರೆದಿದ್ದರು. 2016ರಲ್ಲಿ ಬಿಟ್‌ಮೆಕ್ಸ್ ಅನ್ನುವ ಪೇಟೆ ಅದನ್ನು ಬಿಟ್‌ಕಾಯಿನ್‌ಗೆ ತಂದಿತು. ಇದರಲ್ಲಿ ಲಾಭ ನಷ್ಟದ ಲೆಕ್ಕ ಬಿಟ್‌ಕಾಯಿನ್‌ನಲ್ಲೇ. ಒಂದು ಕರಾರು ಅಂದರೆ ಒಂದು ಡಾಲರ್. ಬೆಲೆ 10,000 ಡಾಲರ್ ಇದ್ದಾಗ 10,000 ಕರಾರು ಕೊಂಡಿರಿ ಅಂದುಕೊಳ್ಳಿ. ಬೆಲೆ 2,000 ಏರಿ 12,000 ಆದರೆ ಲಾಭ ಸುಮಾರು 0.167 ಬಿಟ್‌ಕಾಯಿನ್. ಅದೇ 2,000 ಇಳಿದು 8,000 ಆದರೆ ನಷ್ಟ 0.25. ಏರಿದ್ದೂ ಇಳಿದದ್ದೂ ಒಂದೇ ಅಳತೆ, ಆದರೂ ಬಿಟ್‌ಕಾಯಿನ್ ಲೆಕ್ಕದಲ್ಲಿ ನಷ್ಟದ ತೂಕ ಜಾಸ್ತಿ. ನಷ್ಟವಾಗುವ ಹೊತ್ತಿಗೆ ಠೇವಣಿ ಇಟ್ಟ ಬಿಟ್‌ಕಾಯಿನ್‌ನ ಬೆಲೆಯೂ ಇಳಿದಿರುತ್ತದೆ!

ಇದರ ಮೇಲೆ "ಫಂಡಿಂಗ್". ಫ್ಯೂಚರ್ಸ್ ಬೆಲೆ ನಿಜವಾದ ಪೇಟೆ ಬೆಲೆಯಿಂದ ದೂರ ಹೋಗದಂತೆ ಒಂದು ಪಕ್ಷ ಇನ್ನೊಂದು ಪಕ್ಷಕ್ಕೆ ಎಂಟು ಗಂಟೆಗೊಮ್ಮೆ ಕೊಡುವ ಹಣ. ದರ ಶೇ. 0.01 ಅಂದರೆ ಏನೂ ಅಲ್ಲ ಅನ್ನಿಸುತ್ತದೆ. ಆದರೆ ಅದು ಬೀಳುವುದು ಪೂರ್ತಿ ವ್ಯವಹಾರದ ಮೇಲೆ. 1,000 ಡಾಲರ್ ಇಟ್ಟು 10,000ದ ವ್ಯವಹಾರ ಮಾಡಿದವನಿಗೆ ದಿನಕ್ಕೆ 3 ಡಾಲರ್, ಮೂವತ್ತು ದಿನಕ್ಕೆ 90. ಬೆಲೆ ಅಲ್ಲಾಡದೇ ನಿಂತರೂ ತನ್ನ ದುಡ್ಡಿನ ಶೇ. 9 ಹೋಯಿತು. ಪರದೆಯ ಹಸಿರು ಅಂಕಿಯನ್ನಷ್ಟೇ ನೋಡಿ ಖುಷಿಪಡುವವನ ಕಣ್ಣಿಗೆ ಈ ಸೋರಿಕೆ ಬೀಳುವುದೇ ಇಲ್ಲ.

ಇರಲಿ, ಗಿರಾಕಿ ಇದನ್ನೆಲ್ಲಾ ಸರಿಯಾಗಿಯೇ ಬರೆದುಕೊಂಡ ಅನ್ನಿ. ಪೇಟೆಯೇ ಕಿರ್ದಿ ತಿದ್ದಿದರೆ? 2019ರಲ್ಲಿ ಶುರುವಾದ ಎಫ್‌ಟಿಎಕ್ಸ್‌ನಲ್ಲಿ ಆದದ್ದು ಅದೇ. ಸಾಮಾನ್ಯ ಗಿರಾಕಿಯ ಠೇವಣಿ ಕರಗಿದರೆ ಯಂತ್ರವೇ ಅವನ ವ್ಯವಹಾರ ಮುಚ್ಚುತ್ತಿತ್ತು. ಆದರೆ ಮಾಲೀಕ ಸ್ಯಾಮ್ ಬ್ಯಾಂಕ್‌ಮನ್-ಫ್ರೀಡ್‌ನದ್ದೇ ಆದ ಅಲಮೀಡಾ ಕಂಪನಿಯ ಖಾತೆಗೆ ಮಾತ್ರ ಸೊನ್ನೆಗಿಂತ ಕೆಳಗೆ ಹೋಗಲು ಪ್ರೋಗ್ರಾಮಿನಲ್ಲೇ ವಿನಾಯಿತಿ ಬರೆದಿತ್ತು. ಇದು 2023ರ ವಿಚಾರಣೆಯಲ್ಲಿ ಅವನ ಜೊತೆಗಾರರ ಬಾಯಿಂದಲೇ ಹೊರಬಂತು. 2022ರ ನವೆಂಬರ್ 11ರಂದು ಎಫ್‌ಟಿಎಕ್ಸ್ ದಿವಾಳಿ ಅರ್ಜಿ ಹಾಕಿತು, 2024ರ ಮಾರ್ಚ್‌ನಲ್ಲಿ ಮಾಲೀಕನಿಗೆ 25 ವರ್ಷ ಜೈಲಾಯಿತು. 88888 ಖಾತೆಯ ಮರುಹುಟ್ಟು ಅನ್ನದೇ ಇನ್ನೇನನ್ನಬೇಕು?

ದೊಜಿಮಾದ ಬತ್ತಿಯಿಂದ ಇಲ್ಲಿಯವರೆಗೆ ಬಂದದ್ದೆಲ್ಲಾ ಒಂದೇ ಪಾಠ. ನಷ್ಟದಿಂದ ಮಾತ್ರಕ್ಕೆ ಪೇಟೆ ಮುಳುಗುವುದಿಲ್ಲ. ದಿನದ ಲೆಕ್ಕಕ್ಕೆ ಸಿಗದ ಒಂದೇ ಒಂದು ಖಾತೆ ಮುಳುಗಿಸುತ್ತದೆ. ಒಬ್ಬೊಬ್ಬರ ಮಟ್ಟದಲ್ಲೂ ಇದು ನಿಜ. "ಇನ್ನೂ ಮಾರಿಲ್ಲವಲ್ಲ, ನಷ್ಟ ಹೇಗಾಯಿತು?" ಅನ್ನುವ ಮಾತಿದೆಯಲ್ಲ, ಅದೇ ನಮ್ಮ ನಮ್ಮ ಮನಸ್ಸಿನ 88888. ನಮ್ಮಲ್ಲಂತೂ 2022ರ ಏಪ್ರಿಲ್‌ನಲ್ಲಿ ಬಂದ ತೆರಿಗೆ ನಿಯಮದ ಪ್ರಕಾರ ಕ್ರಿಪ್ಟೋ ಮಾರಿ ಬಂದ ಲಾಭಕ್ಕೆ ಶೇ. 30 ಕಟ್ಟಬೇಕು, ಒಂದರ ನಷ್ಟವನ್ನು ಇನ್ನೊಂದರ ಲಾಭದಲ್ಲಿ ಕಳೆಯುವಂತಿಲ್ಲ. ಒಟ್ಟಾರೆ ಲೆಕ್ಕ ಸಾಲದು, ಒಂದೊಂದು ವ್ಯವಹಾರವನ್ನೂ ಬೇರೆಬೇರೆಯಾಗಿಯೇ ಬರೆಯಬೇಕು.

ಹಾಗಾಗಿ ಯಾರಾದರೂ ಸ್ನೇಹಿತರು ಹಸಿರು ಅಂಕಿ ತೋರಿಸಿ ಬೀಗಿದರೆ ಒಂದೇ ಪ್ರಶ್ನೆ ಕೇಳಿ: "ಮೊದಲಿಂದ ಎಷ್ಟು ಹಾಕಿದೆ, ಎಷ್ಟು ವಾಪಸ್ ತೆಗೆದೆ?" ಉತ್ತರ ತಡವರಿಸಿದರೆ ಕಿರ್ದಿ ಬರೆದಿಲ್ಲ ಅಂತಲೇ ಅರ್ಥ.